ಪಟ್ಟಿಯಲ್ಲಿ ಬಿಟ್ಟ ಮನೆ

ನಮ್ಮ ಅಡುಗೆಮನೆಗೆ ಬೆಳಗಿನ ಬಿಸಿಲು ಪಡುವಣ ದಿಕ್ಕಿನಿಂದ ಬರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಪಟ್ಟಂದೂರು ಅಗ್ರಹಾರದ ನಮ್ಮ ಬೀದಿಯ ಹಿಂದೆ ಐಟಿ ಪಾರ್ಕಿನ ಗಾಜಿನ ಕಟ್ಟಡ ಎದ್ದ ಮೇಲೆ, ಮೂಡಣದ ಸೂರ್ಯ ಮೊದಲು ಅದರ ಮೈಗೆ ಬಡಿದು, ಅಲ್ಲಿಂದ ತಿರುಗಿ ನಮ್ಮ ಸಿಂಕಿನ ಮೇಲಿನ ಕಿಟಕಿಗೆ ಬೀಳುತ್ತಾನೆ. ಕಳೆದ ಅಕ್ಟೋಬರಿನ ಕೊನೆಯ ದಿನವೂ ಹಾಗೆಯೇ ಬಿದ್ದಿದ್ದ.

ಅಷ್ಟರಲ್ಲಿ ನನ್ನ ಅರ್ಧ ಕೆಲಸ ಮುಗಿದಿತ್ತು. ಐದೂವರೆಗೆ ಎದ್ದು ಮೋಟಾರು ಹಾಕಿದ್ದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದು, ಒಳಗೆ ಅಂಟಿದ್ದಕ್ಕೆ ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಸುರಿದಿದ್ದೆ. ನಮ್ಮವರ ಡಬ್ಬಿಗೆ ಚಿತ್ರಾನ್ನ ಹಾಕಿ, ಹುರಿದ ಕಡಲೆಬೀಜವನ್ನು ಬೇರೆಯಾಗಿ ಕಾಗದದಲ್ಲಿ ಕಟ್ಟಿದ್ದೆ. ಮೆತ್ತಗಾದರೆ ಅವರು ತಿನ್ನುವುದಿಲ್ಲ. ಅವರಿಗೆ ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಆರೂಕಾಲಿಗೆ ಕಂಪನಿ ಬಸ್ಸು. ಶೂ ಲೇಸು ಕಟ್ಟಿಕೊಳ್ಳುತ್ತ, "ಇವತ್ತು ಸೆಕೆಂಡ್ ಶಿಫ್ಟಿನವನು ರಜಾ ಕಣೇ, ಎರಡೂ ನಂದೇ. ಸಂಜೆ ಜಪಕ್ಕೆ ನನ್ನ ಕಾಯ್ಬೇಡ," ಅಂದರು.

"ಆಯ್ತು," ಅಂದೆ.

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಫ್ರಿಜ್ಜು ಸದ್ದು ನಿಲ್ಲಿಸಿದ್ದೂ ಕೇಳಿಸುತ್ತದೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಮಕ್ಕಳಿಲ್ಲ.

ಆವತ್ತು ಮಾತ್ರ ಹಾಲ್‌ನಲ್ಲಿ ಒಬ್ಬರು ಜೊತೆಗಿದ್ದರು ಅನ್ನಬೇಕು. ಹಿಂದಿನ ಸಂಜೆ ಟೀವಿ ಸ್ಟ್ಯಾಂಡಿನ ಮೇಲೆ ಬಿಳಿ ಬಟ್ಟೆ ಹಾಸಿ, ಮರಿಯಮ್ಮನವರ ಪ್ರತಿಮೆ ಇಟ್ಟಿದ್ದೆವು. ಒಂದು ಮೊಳ ಎತ್ತರ, ನೀಲಿ ಮೇಲುವಸ್ತ್ರ, ಬಲಗೈಯ ಕಿರುಬೆರಳಿನ ತುದಿ ಎಲ್ಲೋ ಮುಕ್ಕಾಗಿದೆ. ಅಕ್ಟೋಬರ್ ನಮ್ಮ ಕಥೋಲಿಕರಿಗೆ ಜಪಸರದ ತಿಂಗಳು. ನಮ್ಮ ಬಡಾವಣೆಯ ಜಪದ ಕೂಟದಲ್ಲಿ ತಿಂಗಳು ಪೂರ್ತಿ ಈ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಸಂಜೆ ಒಂದು ಮನೆಯವರು ಬರಿಗಾಲಲ್ಲಿ ಹೊತ್ತು ತರುತ್ತಾರೆ, ಮುಂದಿನ ಮನೆಯವರು ಹೊಸಿಲಲ್ಲಿ ನಿಂತು ತೆಗೆದುಕೊಳ್ಳುತ್ತಾರೆ. ಎಲ್ಲರೂ ಕೂತು ಜಪ ಮಾಡಿ, ಕಡಲೆ ಉಸಲಿ ತಿಂದು, ಟೀ ಕುಡಿದು ಹೋಗುತ್ತಾರೆ. ಒಂದು ರಾತ್ರಿ, ಒಂದು ಹಗಲು ಮಾತೆ ಆ ಮನೆಯವರ ಪಾಲು. ಯಾವ ದಿನ ಯಾರ ಮನೆ ಎಂದು ಪಟ್ಟಿ ಬರೆಯುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತಿದ್ದಿ ಕೊಟ್ಟ ಅಕ್ಷರ ನನ್ನದು, ದುಂಡಗಿದೆ, ಅಷ್ಟಕ್ಕೇ ಆ ಕೆಲಸ ನನಗೆ ಬಂದಿತ್ತು.

ಗೇಟಿನ ಮುಂದೆ ನೀರು ಹಾಕುತ್ತಿದ್ದಾಗ ಎದುರುಮನೆಯ ಅಮ್ಮ ಸಿಕ್ಕರು. ಅವರದು ಇದೇ ಹಳ್ಳಿಯ ಹಳೆಯ ಮನೆತನ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಮನೆಗಳು. ಸೀರೆಯ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ, "ಶೀಟಿನ ಮನೆಯವ್ರೆಲ್ಲ ಇವತ್ತು ಖಾಲಿ ಮಾಡ್ತಾವ್ರೆ ಕಣ್ರೀ. ನಾಳೆ ಜೆಸಿಬಿ ಬರ್ತದೆ. ಪಿ.ಜಿ. ಕಟ್ಟಿಸಾಣ ಅಂತ ನಮ್ಮ ದೊಡ್ಡೋನು," ಅಂದರು. ಆಮೇಲೆ ನೆನಪಾದವರಂತೆ, "ನಿಮ್ಮ ಜಪದ ಹುಡುಗೀನೂ ಹೊಂಟ್ಲಲ್ಲ! ಹೊಸಕೋಟೆ ಆಚೆ ಎಲ್ಲೋ ಗಂಡಂಗೆ ಸೆಕ್ಯೂರಿಟಿ ಕೆಲಸ ಸಿಕ್ತಂತೆ. ನಾಕು ಗಂಟೆಗೆ ಟೆಂಪೋ."

"ಹೌದಾ," ಅಂದೆ. ನೀರು ನನ್ನ ಕಾಲ ಮೇಲೇ ಹರಿಯಿತು.

ಸುಳ್ಳು ಹೇಳಬಾರದು. ಆ ಸುದ್ದಿ ಕೇಳಿ ನನಗೆ ಮೊದಲು ಆದದ್ದು ನೆಮ್ಮದಿ. ಸದ್ಯ ಹೋಗುತ್ತಾಳಲ್ಲ ಎಂದು. ಒಳಗೆ ಬಂದು ಬಕೆಟ್ಟು ಬೋರಲು ಹಾಕಿದ ಮೇಲೆ ಆ ನೆಮ್ಮದಿಯನ್ನು ಕಂಡೇ ಹೆದರಿಕೆಯಾಯಿತು.

ಅವಳು ಕನಕಪುರದ ಕಡೆಯವಳು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಮಗಳನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಗಂಡನ ಜೊತೆ ಇಲ್ಲಿ ಒಂದು ಶೀಟಿನ ಕೋಣೆಯಲ್ಲಿದ್ದಳು. ಅದೇ ಗಾಜಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ. ಕೂಟಕ್ಕೆ ಬಂದರೆ ಕಂಪನಿಯ ಬೂದುಬಣ್ಣದ ಅಂಗಿಯಲ್ಲೇ ಬರುತ್ತಿದ್ದಳು, ಚಪ್ಪಲಿ ಬಿಡುವ ಜಾಗಕ್ಕೆ ಹತ್ತಿರ ಕೂರುತ್ತಿದ್ದಳು. ಆದರೆ ಜಪ ಶುರುವಾಯಿತೋ, ಅವಳ ದನಿ ಬೀದಿ ಕೊನೆಗೆ ಕೇಳಬೇಕು. ಪ್ರಾರ್ಥನೆಯ ಮಾತುಗಳು ಅಲ್ಲಲ್ಲಿ ತಪ್ಪುತ್ತಿದ್ದವು, ಹಾಡು ಶ್ರುತಿ ಬಿಟ್ಟು ಓಡುತ್ತಿತ್ತು. ನಮಗೆ ಶಾಲೆಯಲ್ಲಿ ಕಲಿಸಿದ್ದು, ದೇವರೊಡನೆ ಮೆಲ್ಲಗೆ ಮಾತಾಡಬೇಕು ಎಂದು. ನಾನು ತುಟಿ ಮಾತ್ರ ಆಡಿಸುವವಳು.

ಅದೇ ವರ್ಷದ ಆಗಸ್ಟಿನಲ್ಲಿ ಕೂಟದ ಹಿರಿಯರೊಬ್ಬರಿಗೆ ಕಾಯಿಲೆಯಾಗಿ ಎಲ್ಲರೂ ಅವರ ಮನೆಯಲ್ಲಿ ಸೇರಿದ್ದೆವು. ಜಪ ಮುಗಿದ ಮೇಲೆ ಒಬ್ಬೊಬ್ಬರೇ ಬೇಡಿಕೆ ಹೇಳುವುದು ವಾಡಿಕೆ. ರೋಗಿಗಳಿಗಾಗಿ, ಪ್ರಯಾಣದಲ್ಲಿರುವವರಿಗಾಗಿ, ಹೀಗೆ. ಇವಳ ಸರದಿ ಬಂದಾಗ ಕಣ್ಣು ಮುಚ್ಚಿ, ಕೈ ಚಾಚಿ ಅಂದಳು: "ಅಮ್ಮಾ, ಈ ಅಕ್ಕನ್ನ ನೋಡಮ್ಮಾ. ಒಳ್ಳೇ ಅಕ್ಕ. ಮಡ್ಲು ಬರಿದಾಗೈತೆ. ಮನೇಲಿ ಒಂದು ಸದ್ದಿಲ್ಲ. ಒಂದು ಕೂಸು ಕೊಡಮ್ಮಾ."

ನನ್ನ ಹೆಸರನ್ನೂ ಹೇಳಿದಳು.

ಇಪ್ಪತ್ತು ಜನರ ಕಣ್ಣು ತೆರೆದವು. ಪಕ್ಕದಲ್ಲಿದ್ದವರು ನನ್ನ ಕೈ ಅದುಮಿದರು. ಯಾರೋ ನಿಟ್ಟುಸಿರಿಟ್ಟರು. ನನಗೆ ನಲವತ್ತನಾಲ್ಕು ವರ್ಷ. ಆ ಆಸೆಯನ್ನು ಮಡಿಚಿ ಬೀರುವಿನ ಅಡಿಯಲ್ಲಿಟ್ಟು ಆರೇಳು ವರ್ಷವಾಗಿತ್ತು. ಅದನ್ನು ಅಷ್ಟು ಜನರ ನಡುವೆ ಕೊಡವಿ ಹಾಸಿದ ಹಾಗಾಯಿತು. ಮುಗುಳ್ನಕ್ಕೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳಿಗೆ "ಥ್ಯಾಂಕ್ಸ್ ಅಮ್ಮಾ" ಅಂತಲೂ ಅಂದೆ.

ಕಾಯಿಲೆಯ ಹಿರಿಯರು ಎದ್ದು ಓಡಾಡಿದರು. "ಆ ಹುಡುಗಿ ಕೇಳಿದ್ರೆ ಏನೋ ಆಗುತ್ತೆ ಕಣ್ರೀ," ಎಂಬ ಮಾತು ಹುಟ್ಟಿತು. ಯಾರ ಮನೆಯಲ್ಲಿ ಜ್ವರ ಬಂದರೂ ಅವಳನ್ನೇ ಕರೆಯತೊಡಗಿದರು. ಹನ್ನೊಂದು ವರ್ಷದಿಂದ ಕೂಟ ನಡೆಸುತ್ತಿದ್ದವಳು ನಾನು. ನನ್ನನ್ನು ಕರೆಯುತ್ತಿದ್ದದ್ದು ಪಟ್ಟಿ ಬರೆಯಲು.

ಸೆಪ್ಟೆಂಬರ್ ಕೊನೆಯಲ್ಲಿ ಪಟ್ಟಿ ಬರೆಯಲು ಕೂತೆ. ಮೂವತ್ತೊಂದು ದಿನ, ಅವಳದೂ ಸೇರಿ ಇಪ್ಪತ್ತಾರು ಮನೆ. ಕೆಲವು ಮನೆಗಳಿಗೆ ಎರಡು ಸಲ ಬರುತ್ತದೆ. ಅವಳ ಮನೆಯನ್ನು ಬಿಟ್ಟೆ. ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಮೊದಲ ದಿನ ನಮ್ಮ ಮನೆ, ಕೊನೆಯ ದಿನವೂ ನಮ್ಮ ಮನೆ.

ಮುಂದಿನ ಭಾನುವಾರ ಪೂಜೆ ಮುಗಿದು ಚರ್ಚಿನ ಮೆಟ್ಟಿಲು ಇಳಿಯುವಾಗ ಅವಳೇ ಬಂದಳು. "ಅಕ್ಕ, ನಮ್ ಮನೇಗೆ ಯಾವತ್ತು ಬರ್ತದೆ?"

"ನಿಂದು ಒಂದೇ ರೂಮಲ್ವಾಮ್ಮ," ಅಂದೆ. ಎಷ್ಟು ಮೃದುವಾಗಿ ಅಂದೆನೆಂದರೆ ನನಗೇ ನನ್ನ ಮೇಲೆ ಪ್ರೀತಿ ಬಂತು. "ಅಷ್ಟೊಂದು ಜನ ಎಲ್ಲಿ ಕೂರೋದು ಹೇಳು? ಡ್ಯೂಟಿಯಿಂದ ಸುಸ್ತಾಗಿ ಬಂದಿರ್ತೀಯ, ನಿಂಗ್ಯಾಕೆ ತೊಂದ್ರೆ. ನಮ್ಮನೇನ ನಿನ್ ಮನೇನೇ ಅಂದ್ಕೋ."

"ಆಯ್ತಕ್ಕ," ಅಂದಳು. ತಿಂಗಳು ಪೂರ್ತಿ ಪ್ರತಿ ಮನೆಗೂ ಬಂದಳು, ಚಪ್ಪಲಿಗಳ ಪಕ್ಕ ಕೂತಳು. ದನಿ ಮಾತ್ರ ತಗ್ಗಿತ್ತು.

ಮತ್ತು ನನ್ನ ಪ್ರಾರ್ಥನೆ ಒಣಗಿತು. ಆಗಸ್ಟಿನಲ್ಲೇ ಶುರುವಾಗಿದ್ದು ಅಕ್ಟೋಬರಿನ ಹೊತ್ತಿಗೆ ಪೂರ್ತಿಯಾಯಿತು. ಚಿಕ್ಕವಳಿದ್ದಾಗಿನಿಂದ ನನಗೆ ಇದ್ದ ಒಂದೇ ಸಂಪತ್ತು ಅದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಣ್ಣು ಮುಚ್ಚಿದರೆ ಎದುರಿಗೆ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಮಕ್ಕಳಿಲ್ಲದ ಮನೆಯ ಮಧ್ಯಾಹ್ನಗಳನ್ನು ನಾನು ದಾಟಿದ್ದು ಹಾಗೆ. ಈಗ ಮಂಡಿಯೂರಿದರೆ ಬೆರಳು ಮಣಿಗಳ ಮೇಲೆ ಓಡುತ್ತಿತ್ತು, ತುಟಿ ಆಡುತ್ತಿತ್ತು, ಮನಸ್ಸಿನಲ್ಲಿ ಅವಳ ದನಿ, ಅವಳ ತಪ್ಪು ಉಚ್ಚಾರ, ಅವಳು ಕೈ ಚಾಚುವ ರೀತಿ. ದೇವರ ಹೆಸರಲ್ಲಿ ಅವಳನ್ನೇ ಧ್ಯಾನಿಸುತ್ತಿದ್ದೆ. ಎದುರಿಗಿನ ಕುರ್ಚಿ ಖಾಲಿ.

ಶನಿವಾರ ಪಾಪನಿವೇದನೆಗೆ ಹೋದಾಗ "ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಫಾದರ್" ಎಂದಷ್ಟೇ ಹೇಳುತ್ತಿದ್ದೆ. ಅವರು ಪ್ರಾಯಶ್ಚಿತ್ತಕ್ಕೆ ಒಂದೆರಡು ಜಪ ಹೇಳಿ ಕಳಿಸುತ್ತಿದ್ದರು. ಜ್ವರ ಮುಚ್ಚಿಟ್ಟು ಕೆಮ್ಮಿಗೆ ಮಾತ್ರ ಔಷಧಿ ಕೇಳಿದರೆ ಡಾಕ್ಟರಾದರೂ ಏನು ಮಾಡಿಯಾರು? ಶಾಲೆಯ ಹಾಸ್ಟೆಲಿನಲ್ಲಿ ರಾತ್ರಿ ಮಲಗುವ ಮುಂಚೆ ಆತ್ಮಶೋಧನೆ ಮಾಡಿಸುತ್ತಿದ್ದರು. ಇವತ್ತು ಸುಳ್ಳು ಹೇಳಿದೆಯಾ, ಜಗಳವಾಡಿದೆಯಾ, ಹಿರಿಯರಿಗೆ ಎದುರಾಡಿದೆಯಾ. ನನಗೆ ಎಲ್ಲಕ್ಕೂ ಇಲ್ಲ, ಇಲ್ಲ, ಇಲ್ಲ. ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ವರ್ಷವರ್ಷವೂ 'ಶಾಂತ ಸ್ವಭಾವ' ಎಂದು ಬರೆದಿರುತ್ತಿತ್ತು. ದನಿ ಏರದಿದ್ದರೆ ಸಿಟ್ಟೇ ಇಲ್ಲ ಎಂದು ನಾನೂ ತಿಳಿದುಕೊಂಡೆ. ನಗುನಗುತ್ತಲೇ ಯಾರನ್ನಾದರೂ ಹೊರಗೆ ನಿಲ್ಲಿಸಿದೆಯಾ ಎಂದು ಯಾವ ಸಿಸ್ಟರೂ ಕೇಳಿರಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಹೆದರಿಕೆಯಾಯಿತು. ಅವಳು ಹೀಗೇ ಹೊರಟುಹೋದರೆ ಇದು ನನ್ನೊಳಗೆ ಉಳಿದುಬಿಡುತ್ತದೆ. ಕ್ಷಮೆ ಕೇಳಲು ಬಾಗಿಲೂ ಇರುವುದಿಲ್ಲ, ಆ ಬಾಗಿಲನ್ನು ನಾಳೆ ಜೆಸಿಬಿ ಒಡೆಯುತ್ತದೆ. ಪ್ರತಿಮೆ ಇನ್ನೂ ನಮ್ಮ ಮನೆಯಲ್ಲಿತ್ತು. ಸಂಜೆ ಏಳಕ್ಕೆ ಮುಕ್ತಾಯದ ಜಪ. ನಾಲ್ಕರೊಳಗೆ ಒಂದು ಗಂಟೆಯ ಮಟ್ಟಿಗಾದರೂ ಅವಳ ಮನೆಗೆ ತಲುಪಿಸಬಹುದಿತ್ತು.

ಅದಕ್ಕೆ ಹೊರಡುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಮಧ್ಯೆ ಏನೇನೋ ಮಾಡಿದೆ. ಉಸಲಿಗೆ ನೆನೆಸಿದ್ದ ಕಡಲೆ ಬೇಯಿಸಿದೆ. ಫ್ಯಾನಿನ ರೆಕ್ಕೆ ಒರೆಸಿದೆ. ಒಗೆದಿದ್ದ ಪರದೆಯನ್ನೇ ಮತ್ತೆ ಒಗೆದೆ. ಕುಕ್ಕರು ಇಳಿಸಿ, ಇನ್ನು ಈಗ ಹೋದರೆ ಅವರ ಊಟದ ಹೊತ್ತು ಅಂದುಕೊಂಡೆ. ಊಟದ ಹೊತ್ತು ಮುಗಿದ ಮೇಲೆ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿರುತ್ತಾಳೆ ಅಂದುಕೊಂಡೆ. ನನ್ನ ಒಳ್ಳೆಯತನಕ್ಕೆ ಯಾವಾಗಲೂ ಇನ್ನೊಬ್ಬರ ತೊಂದರೆಯೇ ನೆಪ.

ಕೊನೆಗೆ ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಪ್ರತಿಮೆಯನ್ನು ಎದೆಗೊತ್ತಿಕೊಂಡು ಹೊರಟೆ. ಮೇಣದ ಬತ್ತಿಯಿಲ್ಲ, ಹಾಡುವವರಿಲ್ಲ. ಹಗಲಲ್ಲಿ ಹಾಗೆ ಒಬ್ಬರೇ ಯಾರೂ ಹೊತ್ತದ್ದಿಲ್ಲ. ಟಾರು ಸುಡುತ್ತಿತ್ತು. ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು ಟೀ ಅಂಗಡಿ ಮುಂದೆ ನಿಂತಿದ್ದವರು ದಾರಿ ಬಿಟ್ಟರು, ಒಬ್ಬಾತ ಸಿಗರೇಟು ಬೆನ್ನ ಹಿಂದೆ ಮಾಡಿದ. ನಾನು ತಲೆ ಇನ್ನಷ್ಟು ತಗ್ಗಿಸಿದೆ. ಹಾಗೆ ತಗ್ಗಿಸುವಾಗ, ನೋಡುವವರಿಗೆ ನಾನು ಎಷ್ಟು ವಿನಯವಾಗಿ ಕಾಣುತ್ತಿರಬಹುದು ಎಂಬ ಯೋಚನೆ ಬಂತು. ಕ್ಷಮೆ ಕೇಳಲು ಹೋಗುವ ದಾರಿಯಲ್ಲೂ ಅದು ಬಿಡಲಿಲ್ಲ.

ಶೀಟಿನ ಮನೆಗಳು ಸಾಲಾಗಿ ಎಂಟು. ಆರು ಮನೆಗಳಿಗೆ ಆಗಲೇ ಬಾಗಿಲೂ ಇರಲಿಲ್ಲ. ಅವಳ ಗಂಡ ಟೆಂಪೋ ಕರೆತರಲು ಹೋಗಿದ್ದ. ಅವಳು ಹಾಸಿಗೆಯ ಸುರುಳಿಗೆ ಹಗ್ಗ ಬಿಗಿಯುತ್ತ, ಒಂದು ಕಾಲಲ್ಲಿ ಒತ್ತಿ ಹಿಡಿದಿದ್ದಳು. ನನ್ನನ್ನು ನೋಡಿ, ಆಮೇಲೆ ನನ್ನ ತೋಳಲ್ಲಿದ್ದದ್ದನ್ನು ನೋಡಿ ಹಗ್ಗ ಬಿಟ್ಟಳು.

"ಅಯ್ಯೋ ಅಕ್ಕ, ಈಗ ತಂದ್ರಾ?"

"ನಿಮ್ಮನೆಗೂ ಒಂದು ಸಲ ಬರ್ಲಿ ಅಂತ. ಆವತ್ತು ಜಾಗ ಇಲ್ಲ, ನಿಂಗೆ ತೊಂದ್ರೆ ಆಗ್ಬಾರ್ದು ಅಂತ..."

ಅವಳು ಸುತ್ತ ನೋಡಿ ನಕ್ಕಳು. "ಈಗ ಬೇಕಾದಂಗೆ ಐತೆ ಬಿಡಿ ಜಾಗ. ಸಾಮಾನೆಲ್ಲ ಆಚೆಗೋಯ್ತು, ಮನೆ ದೊಡ್ಡದಾಯ್ತು."

ನಗುವಲ್ಲಿ ಮುಳ್ಳಿತ್ತು. ಇರಲೇಬೇಕಿತ್ತು.

ಇಡಲು ಸ್ಟೂಲೂ ಇರಲಿಲ್ಲ. ಕೈ ತೊಳೆದುಕೊಂಡು ಬಂದು, ಹಾಸಿಗೆ ಸುರುಳಿಯ ಮೇಲೆ ಕೂತು, ಪ್ರತಿಮೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ನೆಲ ಆಗಲೇ ಗುಡಿಸಿತ್ತು. ನಾಳೆ ಒಡೆಯುವ ಮನೆಯ ನೆಲ. ಜಪ ಶುರುಮಾಡಿದೆ. ಮೊದಲ ಹತ್ತು ಮಣಿ ಮುಗಿಯಿತು. ಅವಳು ನನ್ನ ಹಾಗೆ, ತುಟಿ ಮಾತ್ರ ಆಡಿಸುತ್ತಿದ್ದಳು. ಅದನ್ನು ನೋಡಲಾಗಲಿಲ್ಲ.

"ಜಾಗದ ವಿಷಯ ಅಲ್ಲ ಕಣಮ್ಮ," ಅಂದೆ. "ಬೇಕಂತಲೇ ಬಿಟ್ಟೆ. ನಿನ್ನ ಮೇಲೆ ಸಿಟ್ಟಿತ್ತು."

ಅವಳು ಪ್ರತಿಮೆಯ ಸೊಂಟವನ್ನು ಇನ್ನೊಮ್ಮೆ ಸರಿಯಾಗಿ ಹಿಡಿದುಕೊಂಡಳು. ಆಮೇಲೆ, "ಗೊತ್ತಿತ್ತು ಅಕ್ಕ. ಯಾತಕ್ಕೆ ಅಂತ ಮಾತ್ರ ಗೊತ್ತಾಗ್ನಿಲ್ಲ," ಅಂದಳು.

"ಎಲ್ಲರ ಮುಂದೆ ನನ್ನ ಮಡಿಲ ವಿಷಯ ಹೇಳಿದ್ಯಲ್ಲ."

ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡಳು. "ಅದಾ? ನಮ್ ಕಡೆ ಇಂಗೇ ಅಕ್ಕ ಕೇಳೋದು, ಅವ್ರವ್ರ ಎಸ್ರು ಇಡ್ದು. ಎಸ್ರು ಏಳ್ದೆ ಕೇಳಿದ್ರೆ ಆ ತಾಯಿಗೆ ಯಾವ ಮನೇದು ಅಂತ ಎಂಗೆ ಗೊತ್ತಾಗ್ಬೇಕು? ನಿಮ್ಗೆ ನೋವಾಗ್ತದೆ ಅಂತ ನಂಗೊತ್ತಿರ್ಲಿಲ್ಲ."

"ನಾನು ಹೇಳ್ಬೇಕಿತ್ತು."

"ಊಂ, ಏಳ್ಬೇಕಿತ್ತು." ಈಗ ಅವಳ ದನಿ ಏರಿತು, ಹಳೆಯ ದನಿ. "ಬಾಯಿಗೆ ಬಂದಂಗೆ ಬೈದಿದ್ರೆ ಆಗೋಗಿರೋದು ಅಕ್ಕ. ನಮ್ಮೂರಲ್ಲಿ ಬೀದೀಲಿ ನಿಂತು ಬೈತೀವಿ, ಸಂಜೀಗೆ ಅವ್ರ ಮನೇಗೇ ಸಾರು ಇಸ್ಕಳಕ್ಕೆ ಓಗ್ತೀವಿ. ನೀವು ನಗ್ತಾ ನಗ್ತಾ ಆಚೆಗೆ ನಿಲ್ಸಿಬುಟ್ರಿ. ನಾನು ಇಪ್ಪತ್ತೈದು ಮನೇಗೂ ಬಂದೆ, ನಮ್ಮನೇಗೆ ಮಾತ್ರ ತಾಯಿ ಬರ್ನಿಲ್ಲ ಅಂತ ನಮ್ಮೋರು ದಿನಾ ಆಡ್ಕಂಡು ನಗೋರು. 'ನೀನು ಕಸ ಗುಡ್ಸೋಳು, ನಿನ್ ಮನೇಗ್ಯಾಕೆ ಬಂದಾಳು' ಅನ್ನೋರು."

ಕಣ್ಣಲ್ಲಿ ನೀರು ಬಂದದ್ದು ನನಗಲ್ಲ, ಅವಳಿಗೆ. ಭುಜದಿಂದ ಒರೆಸಿಕೊಂಡಳು, ಕೈ ಎರಡೂ ಪ್ರತಿಮೆ ಹಿಡಿದಿದ್ದವು.

"ತಪ್ಪಾಯ್ತಮ್ಮ," ಅಂದೆ. ಹೇಳಿಕೊಂಡ ಮೇಲೆ ಹಗುರಾಗುತ್ತದೆ ಎಂದು ಪ್ರವಚನದಲ್ಲಿ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಅವಳ ಆ ಒಂದು ತಿಂಗಳು ಎಷ್ಟು ತೂಕವಿತ್ತು ಎಂದು ಮೊದಲ ಸಲ ತಿಳಿಯಿತು, ಅಷ್ಟೆ.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಮೂಗು ಎಳೆದುಕೊಂಡು, "ಮುಂದಿನ ಅತ್ತು ಮಣಿ ಏಳಿ ಅಕ್ಕ, ಗಾಡಿ ಬಂದ್ಬುಡ್ತದೆ," ಅಂದಳು.

ಮೂರನೆಯ ಹತ್ತರ ನಡುವೆ ಹಾರನ್ ಕೇಳಿಸಿತು. ಅವಳು ಪ್ರತಿಮೆಯ ಪಾದಕ್ಕೆ ಹಣೆ ಮುಟ್ಟಿಸಿ, ನನ್ನ ಕೈಗೆ ಕೊಟ್ಟು, ಹಾಸಿಗೆ ಎಳೆದುಕೊಂಡು ಹೊರಗೆ ಹೋದಳು. ಗಂಡ ನನ್ನತ್ತ ನೋಡದೆ ಸಾಮಾನು ಏರಿಸಿದ. ಟೆಂಪೋ ತಿರುಗುವಾಗ ಅವಳು ಪ್ರತಿಮೆಗೆ ಕೈ ಮುಗಿದಳು. ನನಗೆ ಮುಗಿದದ್ದೋ ಎಂದು ನಾನು ಕೇಳಿಕೊಳ್ಳಲಿಲ್ಲ. ನನಗಲ್ಲ ಎಂದು ಗೊತ್ತಿತ್ತು.

ಮನೆಗೆ ಬಂದು ಕಾಲು ತೊಳೆದಾಗ ಫೋನು ಕುಯ್ ಅಂದಿತು. ಕೂಟದ ವಾಟ್ಸಾಪ್ ಗ್ರೂಪಿನಿಂದ ಅವಳ ಗಂಡನ ನಂಬರು ಹೊರಹೋಗಿತ್ತು. ಇಬ್ಬರಿಗೂ ಇದ್ದದ್ದು ಅದೊಂದೇ ಫೋನು.

ಏಳಕ್ಕೆ ಜನ ಬಂದರು. ಹಾಲ್ ತುಂಬಿತು, ಚಪ್ಪಲಿಗಳ ಪಕ್ಕದ ಜಾಗದಲ್ಲಿ ಯಾರೂ ಕೂರಲಿಲ್ಲ. ಕೊನೆಗೆ ಬೇಡಿಕೆಗಳ ಸರದಿ. ಅವಳ ಹೆಸರು ಹಿಡಿದೇ ಕೇಳಬೇಕು, ನಾನು ಮಾಡಿದ್ದನ್ನೂ ಹೇಳಿಬಿಡಬೇಕು ಎಂದು ಮಧ್ಯಾಹ್ನದಿಂದ ಗಟ್ಟಿ ಮಾಡಿಕೊಂಡಿದ್ದೆ. ಹೆಸರು ಗಂಟಲವರೆಗೆ ಬಂತು. ಇಪ್ಪತ್ತು ಜೋಡಿ ಕಣ್ಣುಗಳು ತೆರೆದುಕೊಳ್ಳುತ್ತವೆ ಎಂದು ನೆನಪಾಯಿತು. "ಈ ಊರು ಬಿಟ್ಟು ಹೋದ ಎಲ್ಲರಿಗಾಗಿ," ಅಂದೆ.

"ನಮ್ಮ ಪ್ರಾರ್ಥನೆಯನ್ನು ಆಲಿಸಿರಿ," ಎಂದು ಎಲ್ಲರೂ ಅಂದರು.

ಎಂಟಕ್ಕೆ ಮನೆ ಖಾಲಿ. ಟೀ ಲೋಟಗಳನ್ನು ಗೋಪುರದ ಹಾಗೆ ಜೋಡಿಸಿ ಸಿಂಕಿಗೆ ಒಯ್ದೆ. ತೊಳೆಯುವ ಮುಂಚೆ ಪ್ರತಿಮೆಯ ಮುಂದೆ ಹೋಗಿ ನಿಂತೆ. ಏನೂ ಕೇಳಲು ತೋಚಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಅವಳ ತಪ್ಪುಗಳು ಮನಸ್ಸಿಗೆ ಬರಲಿಲ್ಲ, ನನ್ನವು ಬಂದವು. ಎದುರಿನ ಕುರ್ಚಿ ಇನ್ನೂ ಖಾಲಿಯೇ. ನಾನೂ ಕೂರದೆ ನಿಂತೇ ಇದ್ದೆ.

ಕಸದ ಬುಟ್ಟಿ ಇಡಲು ಗೇಟಿಗೆ ಹೋದಾಗ ಎದುರುಮನೆಯ ಅಮ್ಮ ಅವರ ಗೇಟಿಗೆ ಚಿಲಕ ಹಾಕುತ್ತಿದ್ದರು. ಮಿಕ್ಕಿದ್ದ ಉಸಲಿ ತಂದು ಕೊಟ್ಟೆ. ಒಂದು ಕಾಳು ಬಾಯಿಗೆ ಹಾಕಿಕೊಂಡು, "ಆ ಹುಡುಗಿ ಹೋಗ್ಬೇಕಾದ್ರೆ ಅವಳ ಮನೇಗೇ ದೇವ್ರನ್ನ ಹೊತ್ಕೊಂಡು ಹೋಗಿದ್ರಂತೆ?" ಅಂದರು.

"ಅಮ್ಮಾ, ಅದು ಹಾಗಲ್ಲ..."

"ಅಯ್ಯೋ, ನಂಗೊತ್ತಿಲ್ವಾ?" ಅವರು ಕೈಯಾಡಿಸಿದರು. ಚಿಲಕ ಬಿಗಿಯಾಗಿದೆಯಾ ಎಂದು ಇನ್ನೊಮ್ಮೆ ಎಳೆದು ನೋಡಿ, ಒಳಗೆ ತಿರುಗುತ್ತ ಅಂದರು: "ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ, ಒಬ್ರ ಮೇಲೂ ಒಂದು ಸಿಟ್ಟಿಲ್ಲ, ಸೆಡವಿಲ್ಲ. ನಿಮ್ಮಂಥೋರಿಗೆ ದೇವ್ರು ಬೇಗ ಸಿಗ್ತಾನೆ ಬಿಡಿ."